ಅರಗಿನ ಮಶಿನ್ನು

ನಮ್ಮ ಮನೋಳಿಯಲ್ಲಿ ಹೊಲಿಗೆ ಮಶಿನ್ನಿನಲ್ಲಿ ಎರಡೇ ಜಾತಿ. ಕೈಮಶಿನ್ನು, ಕಾಲ್ಮಶಿನ್ನು. ಮೇಲೆ ಉಷಾ ಅಂತ ಬರೆದಿರಲಿ, ಮೆರಿಟ್ ಅಂತ ಬರೆದಿರಲಿ, ಲುಧಿಯಾನಾದಲ್ಲಿ ಮಾಡಿದ ಯಾವುದೋ ದೇವರ ಹೆಸರಿನ ಮಶಿನ್ನೇ ಇರಲಿ, ಜನ ಕೇಳೋದು "ಕೈದೋ, ಕಾಲಿಂದೋ?" ಅಂತ ಅಷ್ಟೇ. ನಮ್ಮ ಮನೆಯಲ್ಲಿರೋದು ಕಾಲಿಂದು. ಸಿಂಗರ್. (ಅಂದಹಾಗೆ ಕಾಗದಪತ್ರದಲ್ಲಿ ನಮ್ಮೂರು ಮುನವಳ್ಳಿ, ಸವದತ್ತಿ ತಾಲೂಕು. ಬಸ್ಸಿನ ಬೋರ್ಡಿನಲ್ಲೂ ಹಾಗೇ. ಬಾಯಲ್ಲಿ ಮಾತ್ರ ಮನೋಳಿ. ಬೆಂಗಳೂರಿನ ಗೆಳೆಯರಿಗೆ ಮನೋಳಿ ಅಂದರೆ ತೊಂಡೆಕಾಯಿಯ ತುಳು ಹೆಸರು ಅಂತ ಮಂಗಳೂರಿನವನೊಬ್ಬ ಹೇಳಿಕೊಟ್ಟ ಮೇಲೆ ಆಫೀಸಿನಲ್ಲಿ ನನ್ನ ಪಾಡು ಕೇಳಬೇಡಿ :) )

ಈ ಮಶಿನ್ನಿನ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ನಿರ್ದಿಷ್ಟವಾಗಿ ಹೇಳಬೇಕೆಂದರೆ ಮಶಿನ್ನಿನ ಒಳಗಿನ ಗಾಲಿ, ಹಲ್ಲು, ಸೂಜಿಯ ಬಗ್ಗೆ ಅಲ್ಲ. ಅದರ ಮೈಮೇಲಿನ ಹೊಳಪಿನ ಬಗ್ಗೆ. ಆ ಕಪ್ಪು, ಆ ಕಪ್ಪಿನ ಮೇಲಿನ ಹೊನ್ನಿನ ಬಣ್ಣದ ಬಳ್ಳಿ. ಅದೇನು ದೊಡ್ಡ ವಿಷಯ ಅಂತ ನಿಮಗನ್ನಿಸಬಹುದು. ನನಗೂ 2019ರ ತನಕ ಹಾಗೇ ಅನ್ನಿಸುತ್ತಿತ್ತು.

ಮೊದಲು ಮಶಿನ್ನಿನ ಜಾತಕ ಹೇಳಿಬಿಡುತ್ತೇನೆ. ನಮ್ಮ ಆಯಿ (ಅಪ್ಪನ ಅವ್ವ) ಅದನ್ನು ಒಬ್ಬ ಸಿಂಪಿಗ್ಯಾರ ಹತ್ತಿರ ಕಂತಿನ ಮೇಲೆ ಕೊಂಡಿದ್ದಳಂತೆ, ಸೆಕೆಂಡ್ ಹ್ಯಾಂಡು. ಅಜ್ಜ ತೀರಿಕೊಂಡಿದ್ದರು, ಹೊಲ ಇದ್ದದ್ದು ಅಷ್ಟಕ್ಕಷ್ಟೇ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹತ್ತಿರ ಬಂದರೆ ಎಲ್ಲಮ್ಮನ ಗುಡ್ಡಕ್ಕೆ ಹೋಗೋ ಹೆಣ್ಣುಮಕ್ಕಳೆಲ್ಲ ಹೊಸ ಕುಬಸ ಹೊಲಿಸೋರು. ಗುಳೇದಗುಡ್ಡದ ಖಣ ಅಂಗೈಯಗಲ ಮಡಿಚಿ ತರೋರು, ಆಯಿ ರಾತ್ರಿ ಚಿಮಣಿ ಬುಡ್ಡಿ ಇಟ್ಟುಕೊಂಡು ಹೊಲಿಯೋಳು. ಅಪ್ಪ, ಇಬ್ಬರು ಅತ್ತೆಯರು, ಮೂರೂ ಜನರ ಶಾಲೆ ಈ ಮಶಿನ್ನಿನ ಮೇಲೇ ನಡೆದದ್ದು. ಆಮೇಲೆ ಸೊಸೆಯಾಗಿ ಬಂದ ನಮ್ಮವ್ವ ಅದೇ ಮಶಿನ್ನಿಗೆ ಕೂತಳು. ನನ್ನ ಹುಬ್ಬಳ್ಳಿಯ ಇಂಜಿನಿಯರಿಂಗ್ ಹಾಸ್ಟೆಲ್ಲಿನ ಊಟದ ಬಿಲ್ಲು ಬಹಳಷ್ಟು ತಿಂಗಳು ಕುಬಸ, ಲಂಗ, ಶಾಲೆಯ ಯೂನಿಫಾರ್ಮಿನಿಂದಲೇ ಬಂದಿದೆ.

ಮಶಿನ್ನಿನ ಹಾಸುಗಲ್ಲಿನಂಥ ತಳದ ಬಲಮೂಲೆಯಲ್ಲಿ ಒಂದು ನಂಬರ್ ಒತ್ತಿದ್ದಾರೆ. 'ವೈ' ಅಕ್ಷರದಿಂದ ಶುರುವಾಗುತ್ತದೆ. ಇದು ನಂಬರ್ ಹುಡುಕೋ ಚಟ ಇರುವವರಿಗೆ ಖುಷಿಯ ಸಂಗತಿ. ವೈ ಸರಣಿ ಅಂದರೆ ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ಸಿಂಗರ್ ಕಾರ್ಖಾನೆಯದು, 1920-30ರ ದಶಕಗಳದ್ದು. ಆ ಕಾರ್ಖಾನೆ ಇದ್ದ ಜಾಗ ಕಿಲ್ಬೋವಿ. ಅದಕ್ಕೇ ಅಲ್ಲಿಯ ಮಾಡೆಲ್ಲುಗಳಿಗೆ 15ಕೆ, 66ಕೆ ಅಂತ ಕೊನೆಗೊಂದು 'ಕೆ' ಅಕ್ಷರ. 1880ರ ದಶಕದಲ್ಲಿ ಕಟ್ಟಿದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಕಟ್ಟಡ ಹೋಯಿತು, ಆದರೆ ಅಲ್ಲಿಯ ರೈಲ್ವೆ ಸ್ಟೇಶನ್ನಿನ ಹೆಸರು ಈಗಲೂ 'ಸಿಂಗರ್'. ನಮ್ಮವ್ವಗೆ ಇದನ್ನ ಹೇಳಿದಾಗ "ಹಂಗಾರ ಇದು ನಮಗಿಂತಾ ದೂರಿಂದ ಬಂದೈತಿ ಬಿಡು" ಅಂದಳು. ಅವಳ ತವರು ಯರಗಟ್ಟಿ.

ಸಿಂಗರ್ ನಮ್ಮ ದೇಶಕ್ಕೆ ಬಂದದ್ದು 19ನೇ ಶತಮಾನದಲ್ಲೇ. ಮುಂಬಯಿಯ ಪಾರ್ಸಿ, ನಸರವಾನಜಿ ಪಟೇಲ್ ಅನ್ನುವವರು ಅದನ್ನ ಇಂಡಿಯಾ, ಬರ್ಮಾ, ಸಿಲೋನಿನ ತುಂಬ ಮಾರಿಸಿದರು. ಯಂತ್ರಗಳನ್ನು ಕಂಡರೆ ಆಗದ ಗಾಂಧೀಜಿಯೂ 1924ರಲ್ಲಿ ರಾಮಚಂದ್ರನ್ ಅನ್ನೋ ಶಾಂತಿನಿಕೇತನದ ವಿದ್ಯಾರ್ಥಿ ಕೇಳಿದಾಗ ಹೊಲಿಗೆ ಮಶಿನ್ನಿಗೆ ಮಾತ್ರ ರಿಯಾಯಿತಿ ಕೊಟ್ಟಿದ್ದರು. ಸಿಂಗರ್ ತನ್ನ ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಸುಸ್ತಾಗೋದನ್ನ ನೋಡಲಾರದೆ ಪ್ರೀತಿಯಿಂದ ಇದನ್ನ ಕಂಡುಹಿಡಿದ ಅಂತ ಅವರ ನಂಬಿಕೆ. ಐಸಾಕ್ ಸಿಂಗರ್‌ನ ಸಂಸಾರಗಳ ಲೆಕ್ಕ ತೆಗೆದು ನೋಡಿದರೆ ಅದು ಅಷ್ಟೇನೂ ಸರಿ ಹೋಗೋದಿಲ್ಲ. ಇರಲಿ, ಬಾಪೂ ಹೇಳಿದ್ದಾರೆ.

ಈಗ ನೀರಿನ ವಿಷಯ.

2019ರ ಆಗಸ್ಟ್. ನಾನು ಬೆಂಗಳೂರಿಗೆ ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. ಮಲಪ್ರಭೆ ನಮ್ಮೂರಿಗೆ ಹೊಸಬಳಲ್ಲ. ನವಿಲುತೀರ್ಥದ ಡ್ಯಾಮು ನಮ್ಮ ಮೇಲಿದೆ, ನಾವು ಅದರ ಕೆಳಗೆ. 1800ರ ಜುಲೈ 30ರಂದು ಆರ್ಥರ್ ವೆಲ್ಲೆಸ್ಲಿ (ಮುಂದೆ ನೆಪೋಲಿಯನ್ನನ್ನ ಸೋಲಿಸಿದವನು ಇವನೇ) ಧೋಂಡಿಯಾ ವಾಘನ ದಂಡಿನ ಒಂದು ಭಾಗವನ್ನ ಅಟ್ಟಿಸಿಕೊಂಡು ಬಂದು ಮಲಪ್ರಭೆಗೆ ದೂಡಿದ್ದು ನಮ್ಮ ಮನೋಳಿಯ ಎದುರು ದಂಡೆಯಲ್ಲಿ. ಆಗಲೂ ಮಳೆಗಾಲ, ಹೊಳೆ ತುಂಬಿತ್ತು. ಚಿಕ್ಕವರಿದ್ದಾಗ ನಮಗೆ ಹೊಳೆ ಅಂದರೆ ಇಂಥ ಕತೆ, ಪಂಚಲಿಂಗೇಶ್ವರ ಗುಡಿ, ಈಜು, ಅಷ್ಟೇ. ಆ ವರ್ಷ ಡ್ಯಾಮು ತುಂಬಿ ನೀರು ಬಿಟ್ಟಾಗ ಹೊಳೆ ಊರೊಳಗೆ ಬಂತು. ನಮ್ಮ ಹಳೇ ಮನೆ ತಗ್ಗಿನಲ್ಲಿತ್ತು. ಅವ್ವ, ಅಪ್ಪ, ಅಕ್ಕ, ಅಕ್ಕನ ಕೂಸು, ಎಮ್ಮೆ, ಒಂದು ಟ್ರಂಕು. ಇಷ್ಟು ಹೊರಗೆ ಬಂತು. ಮಶಿನ್ನಿನ ತಲೆಯೊಂದೇ ಹದಿಮೂರು-ಹದಿನಾಲ್ಕು ಕಿಲೋ ಇದೆ, ಬೀಡುಕಬ್ಬಿಣ. ಕೆಳಗಿನ ಸ್ಟ್ಯಾಂಡು ಅದಕ್ಕಿಂತ ಭಾರ. ಕೂಸನ್ನ ಎತ್ತಬೇಕೋ ಮಶಿನ್ನು ಎತ್ತಬೇಕೋ? ಬಿಟ್ಟು ಬಂದರು.

ನಾನು ಬೆಂಗಳೂರಿನಲ್ಲಿ ಕೂತು ವಾಟ್ಸಾಪಿನಲ್ಲಿ ಬರೋ ವಿಡಿಯೋಗಳಲ್ಲಿ ನಮ್ಮ ಓಣಿ ಎಲ್ಲಿದೆ ಅಂತ ಹುಡುಕುತ್ತಿದ್ದೆ.

ಮೂರನೇ ದಿನ ನೀರು ಇಳಿಯಿತು. ಅವ್ವ ಮನೆಗೆ ಹೋಗಿ ಮೊದಲು ಮಾಡಿದ ಕೆಲಸ ಅಂದರೆ ಮಶಿನ್ನಿನ ತಲೆ ಬಿಚ್ಚಿ, ರಾಡಿ ಹೋಗೋ ತನಕ ಒಳ್ಳೇ ನೀರು ಹಾಕಿ ತೊಳೆದು, ಒರೆಸಿ, ಒಳಗೆಲ್ಲ ಸೀಮೆಎಣ್ಣೆ ಸುರಿದು, ಗಾಲಿ ತಿರುಗಿಸಿ ತಿರುಗಿಸಿ, ಬಿಸಿಲಿರಲಿಲ್ಲ, ಒಲೆಯ ಹತ್ತಿರ ಇಟ್ಟು ಒಣಗಿಸಿ, ಮಶಿನ್ ಎಣ್ಣೆ ಬಿಟ್ಟದ್ದು. ಯಾವ ಮ್ಯಾನ್ಯುಅಲ್ಲನ್ನೂ ಓದದೆ ಮಾಡಿದ್ದು. ಇದಕ್ಕಿಂತ ಸರಿಯಾದ ಕ್ರಮ ನನಗೆ ಇವತ್ತಿಗೂ ಗೊತ್ತಿಲ್ಲ. ಹದಿನೈದು ದಿನದಲ್ಲಿ ಮಶಿನ್ನು ಓಡಿತು. ಹೊಲಿಗೆ ಬಿತ್ತು. ಕಟ್ಟಿಗೆಯ ಮೇಜು ಮಾತ್ರ ಉಬ್ಬಿ ಪದರು ಬಿಟ್ಟಿತ್ತು, ಅದನ್ನ ಬಡಿಗ್ಯಾರ ಕಡೆ ಹೊಸದಾಗಿ ಮಾಡಿಸಿದರು.

ಆದರೆ ಮೈ? ಕಪ್ಪಗೆ ಮಿರಮಿರ ಮಿಂಚುತ್ತಿದ್ದ ಮಶಿನ್ನಿನ ಮೇಲೆ ಹಾಲು ಕೆನೆಗಟ್ಟಿದ ಹಾಗೆ ಬಿಳುಪು. ಬಳ್ಳಿ, ಎಲೆ, 'ಸಿಂಗರ್' ಅನ್ನೋ ಅಕ್ಷರ ಎಲ್ಲ ಮಂಜಿನ ಹಿಂದೆ ಹೋಗಿಬಿಟ್ಟಿದ್ದವು. ಅವ್ವ ಒರೆಸಿದಳು, ಹೋಗಲಿಲ್ಲ. ಎಣ್ಣೆ ಹಚ್ಚಿದರೆ ಒಂದು ತಾಸು ಹೋಗೋದು, ಮತ್ತೆ ಬರೋದು. "ಕಣ್ಣಿಗಿ ಪೊರಿ ಬಂದಂಗ ಆಗೇತಿ ನೋಡ ಇದಕ್ಕ" ಅಂದಳು ಫೋನಿನಲ್ಲಿ. ಆ ಮಾತು ನನಗೆ ಬಹಳ ದಿನ ತಲೆಯಲ್ಲಿತ್ತು. ಆಯಿಗೆ ಕೊನೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಅದೇ ಸಮಯದಲ್ಲಿ ನಮ್ಮ ಓಣಿಯ ಇನ್ನೊಬ್ಬ ಕಾಕೂನ ಮಶಿನ್ನೂ ಹೀಗೇ ಬೆಳ್ಳಗಾಗಿತ್ತು. ಆಕೆ ಅದನ್ನ ಒಂದು ದೊಡ್ಡ ಊರಿನ ರಿಪೇರಿಯವನಿಗೆ ಕೊಟ್ಟಳು. ಆತ ಥಿನ್ನರಿನಲ್ಲಿ ಬಟ್ಟೆ ಅದ್ದಿ ಒಂದು ಸಲ ಜೋರಾಗಿ ಒರೆಸಿದ. ಬಿಳುಪು ಹೋಯಿತು. ಬಿಳುಪಿನ ಜೊತೆಗೆ ಬಳ್ಳಿ, ಹೂವು, ಹೆಸರು ಎಲ್ಲ ಬಟ್ಟೆಗೆ ಬಂದವು. ಆಮೇಲೆ ಮೇಲೊಂದು ಕರೀ ಸ್ಪ್ರೇ ಹೊಡೆದು ಕೊಟ್ಟು ಕಳಿಸಿದ. ಹೊಸದರ ಹಾಗೇ ಇದೆ ಅಂತ ಆತ ಹೇಳಿದನಂತೆ. ಆ ಕಾಕೂ ಮಶಿನ್ನು ಮನೆಗೆ ಬಂದ ದಿನ ಅದರ ಮೇಲೆ ಒಂದು ಹಳೇ ಟವೆಲ್ಲು ಹೊದಿಸಿದವಳು ಬಹಳ ದಿನ ತೆಗೆಯಲಿಲ್ಲ. ಅವತ್ತಿನಿಂದ ನಮ್ಮವ್ವ ನಮ್ಮ ಮಶಿನ್ನಿನ ಬಂಗಾರಕ್ಕೆ ಯಾರನ್ನೂ ಕೈ ಹಚ್ಚಗೊಡಲಿಲ್ಲ. ನನ್ನನ್ನೂ. "ಬಳ್ಳಿ ಹೋದ್ರ ನೀ ಬರದು ಕೊಡಾಂವೇನು?" ಅನ್ನೋಳು.

ನಿಜ ಹೇಳಬೇಕೆಂದರೆ ಅವಳ ಹೆದರಿಕೆ ಸರಿಯಾಗೇ ಇತ್ತು. ನಮ್ಮ ಕೆಲಸದಲ್ಲಿ ಎಲ್ಲದಕ್ಕೂ ಅನ್‌ಡೂ ಇದೆ. ಏನಾದರೂ ಕೆಟ್ಟರೆ ಹಿಂದಿನ ವರ್ಶನ್ನಿಗೆ ಹೋಗಬಹುದು. ಮಶಿನ್ನಿನ ಮೈಗೆ ಬ್ಯಾಕಪ್ ಇಲ್ಲ.

ಹಾಗಾಗಿ ಮೊದಲು ಅದು ಏನು ಅಂತ ತಿಳಿದುಕೊಳ್ಳಬೇಕಿತ್ತು. ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡುವಾಗ ರಾತ್ರಿ ಹೊತ್ತು ಇದೇ ಓದು. ಓದುತ್ತಾ ಹೋದರೆ ಇದೊಂದು ವಿಚಿತ್ರ ಅಡುಗೆ.

ಆ ಕಪ್ಪು ಇದೆಯಲ್ಲ, ಅದು ನಾವು ಅಂದುಕೊಂಡ ಹಾಗೆ ಪೇಂಟ್ ಅಲ್ಲ. ಅದರ ಹೆಸರು ಜಪಾನ್. ಜಪಾನಿನಿಂದ ಹದಿನೇಳನೇ ಶತಮಾನದ ಹೊತ್ತಿಗೆ ಯುರೋಪಿಗೆ ಹೋದ ಹೊಳೆಯೋ ಕಪ್ಪು ಪೆಟ್ಟಿಗೆಗಳನ್ನ ನೋಡಿ, ಅದನ್ನ ನಕಲು ಮಾಡೋಕೆ ಹೋಗಿ ಹುಟ್ಟಿದ್ದು. ಡಾಂಬರಿನ ಜಾತಿಯ ನೈಸರ್ಗಿಕ ಆಸ್ಫಾಲ್ಟು, ಟರ್ಪೆಂಟೈನು, ಮತ್ತೆ ಕಾಯಿಸಿದ ಅಗಸಿ ಎಣ್ಣೆ. ಹೌದು, ನಮ್ಮ ಅಗಸಿ ಹಿಂಡಿಯ ಅಗಸಿಯೇ! ಇದನ್ನ ಕಬ್ಬಿಣಕ್ಕೆ ಬಳಿದು, ಒಲೆಯಲ್ಲಿಟ್ಟು ಬೇಯಿಸಿ, ತಿಕ್ಕಿ, ಮತ್ತೆ ಬಳಿದು, ಮತ್ತೆ ಬೇಯಿಸಿ... ಹೀಗೆ ಪದರು ಪದರು. ಒಂದು ಸಲ ಬೆಂದು ಗಟ್ಟಿಯಾದ ಮೇಲೆ ಅದು ಭಾರೀ ಗಟ್ಟಿ, ಸಣ್ಣಪುಟ್ಟದಕ್ಕೆ ಜಗ್ಗೋದಿಲ್ಲ. ಅದರ ಮೇಲೆ ಕಾಗದದಿಂದ ಇಳಿಸಿದ ಬಳ್ಳಿಯ ಚಿತ್ರ, ಅಂದರೆ ಡೆಕಾಲು. ಅದು ಕೂದಲಿಗಿಂತ ತೆಳು. ಆ ಚಿತ್ರವನ್ನ ಕಾಯೋಕೆ ಎಲ್ಲದರ ಮೇಲೆ ಪಾರದರ್ಶಕವಾದ ವಾರ್ನಿಶ್. ಹಳೇ ಮಶಿನ್ನುಗಳಲ್ಲಿ ಈ ಮೇಲಿನ ಪದರು ಬಹಳ ಸಲ ಶೆಲ್ಯಾಕ್.

ಶೆಲ್ಯಾಕ್ ಅಂದರೆ ಅರಗು. ಬಡಿಗ್ಯಾರ ಬಾಯಲ್ಲಿ ಚಪಡಾ.

ಇದು ಗೊತ್ತಾದಾಗ ನನಗೆ ನಗು ಬಂತು. ಮುತ್ತುಗದ ಮರ, ಬಾರೆ ಮರ, ಕುಸುಮದ ಮರದ ಟೊಂಗೆಗೆ ಅಂಟಿಕೊಂಡು ಒಂದು ಸಣ್ಣ ಹುಳ ತನ್ನ ಮೈಸುತ್ತ ಕಟ್ಟಿಕೊಳ್ಳೋ ಮನೆ ಅದು. ಲಕ್ಷಗಟ್ಟಲೆ ಹುಳ ಇರೋದರಿಂದಲೇ ಲಾಕ್ಷಾ ಅನ್ನೋ ಹೆಸರು ಬಂತು ಅನ್ನುವವರಿದ್ದಾರೆ. ಕೆರೆದು, ತೊಳೆದು, ಕರಗಿಸಿ, ಹಾಳೆಯ ಹಾಗೆ ಎಳೆದು ಒಡೆದರೆ ಚಪಡಾ. ಇಂಡಿಯಾದಲ್ಲಿ ಅತಿ ಹೆಚ್ಚು ಬೆಳೆಯೋದು ಜಾರ್ಖಂಡಿನ ಕಡೆ, ರಾಂಚಿಯ ನಾಮಕುಮದಲ್ಲಿ ಅದಕ್ಕಾಗಿಯೇ 1924ರಲ್ಲಿ ಸಂಶೋಧನಾ ಸಂಸ್ಥೆ ಶುರುವಾಗಿತ್ತು. ದುರ್ಯೋಧನ ಪಾಂಡವರಿಗೆ ಕಟ್ಟಿಸಿಕೊಟ್ಟ ಮನೆ ಇದರದ್ದೇ. ಚನ್ನಪಟ್ಟಣದ ಗೊಂಬೆಯ ಹೊಳಪೂ ಇದರದ್ದೇ. ಮಲ್ಲಿಕಾರ್ಜುನ ಮನ್ಸೂರರ ಹಳೇ 78 ಆರ್‌ಪಿಎಂ ತಟ್ಟೆಗಳಿದ್ದವಲ್ಲ, ಅವೂ ಅರಗು ಬೆರೆಸಿ ಒತ್ತಿದ್ದವೇ. ಹೀಗೆ ನಮ್ಮ ಕಾಡಿನ ಹುಳದ ಅರಗು ಹಡಗು ಹತ್ತಿ ಪರದೇಶಕ್ಕೆ ಹೋಗಿ, ಮಶಿನ್ನಿನ ಮೈಮೇಲೆ ಕೂತು, ಮತ್ತೆ ಹಡಗು ಹತ್ತಿ ಮನೋಳಿಗೆ ಬಂದು ಮಲಪ್ರಭೆಯಲ್ಲಿ ಮುಳುಗಿತ್ತು.

ಮತ್ತೆ ಅರಗಿಗೆ ಆಗಿಬರದ್ದು ಎರಡು. ಒಂದು ನೀರು. ಬಹಳ ಹೊತ್ತು ನೀರಿನಲ್ಲಿದ್ದರೆ ಅದರೊಳಗೆ ತೇವ ಹೊಕ್ಕು ಬೆಳ್ಳಗಾಗುತ್ತದೆ. ಬಿಸಿ ಚಹಾ ಕಪ್ಪು ಇಟ್ಟ ಹಳೇ ಟೇಬಲ್ಲಿನ ಮೇಲೆ ಬಿಳಿ ಉಂಗುರ ಬೀಳುತ್ತಲ್ಲ, ಅದೇ. ಎರಡನೇದು ಸ್ಪಿರಿಟ್. ಅರಗು ಸ್ಪಿರಿಟಿನಲ್ಲಿ ಸಕ್ಕರೆಯ ಹಾಗೆ ಕರಗುತ್ತದೆ, ಎಷ್ಟೇ ಹಳೇದಾದರೂ ಮತ್ತೆ ಕರಗುತ್ತದೆ. ಕಾಕೂನ ಮಶಿನ್ನಿನ ಬಳ್ಳಿ ಹೋದದ್ದು ಯಾಕೆ ಅಂತ ಆಗ ತಿಳೀತು. ಥಿನ್ನರಿನಲ್ಲಿರೋ ದ್ರಾವಕಗಳು ಮೇಲಿನ ಪದರನ್ನ ಕರಗಿಸಿದವು, ಅದರ ಆಸರೆಯಲ್ಲಿದ್ದ ಚಿತ್ರವನ್ನೂ ಎಬ್ಬಿಸಿದವು. ಆದರೆ ಇದೇ ಗುಣದಲ್ಲಿ ಮದ್ದೂ ಇತ್ತು. ಕರಗೋದಾದರೆ, ಒಂದು ಕೂದಲೆಳೆಯಷ್ಟು ಮಾತ್ರ ಕರಗಿಸಿ, ತೇವ ಹೊರಗೆ ಬಿಟ್ಟು, ಮತ್ತೆ ಗಟ್ಟಿಯಾಗಲು ಬಿಟ್ಟರೆ?

ಅವ್ವನನ್ನ ಒಪ್ಪಿಸೋಕೆ ಎರಡು ವರ್ಷ ಹಿಡೀತು. ಕಡೆಗೆ ಒಂದು ಯುಗಾದಿಗೆ ಹೋದಾಗ "ಮಶಿನ್ನಿನ ಹೊಟ್ಟಿ ಕೆಳಗ, ಯಾರಿಗೂ ಕಾಣದ ಜಾಗಾದಾಗ ಮೊದಲ ನೋಡ್ತೀನಿ" ಅಂದೆ. "ಅಲ್ಲಿ ಏನರ ಮಾಡಕೋ" ಅಂದಳು. ಬೇಸಿಗೆಯೇ ಇದಕ್ಕೆ ಸರಿಯಾದ ಕಾಲ. ಮಳೆಗಾಲದ ಗಾಳಿಯಲ್ಲಿ ಅರಗು ಹಚ್ಚಿದರೆ ಹಚ್ಚುವಾಗಲೇ ತೇವ ಹಿಡಿದು ಬೆಳ್ಳಗಾಗುತ್ತದೆ.

ತಳದ ಒಂದು ಮೂಲೆಯಲ್ಲಿ ಹತ್ತಿ ಕಡ್ಡಿಗೆ ಒಂದೇ ಹನಿ ಸ್ಪಿರಿಟ್ ತಾಗಿಸಿ ಇಟ್ಟೆ. ಕೆಲವು ಕ್ಷಣದಲ್ಲಿ ಅಂಟಂಟಾಯಿತು, ಹತ್ತಿ ಹಳದಿಯಾಯಿತು. ಅರಗೇ. ಅಂಟದೆ ಹಾಗೇ ಇದ್ದಿದ್ದರೆ ಅದು ಬೇರೆ ವಾರ್ನಿಶ್, ಈ ಮದ್ದು ಅದಕ್ಕೆ ನಾಟೋದಿಲ್ಲ.

ಆಮೇಲೆ ತೊಳೆಯೋ ಕೆಲಸ. ತೊಳೆಯೋದು ಅಂದರೆ ನೀರಲ್ಲ, ಸಾಬೂನಲ್ಲ, ಗಾಜು ಒರೆಸೋ ನೀಲಿ ನೀರಂತೂ ಅಲ್ಲವೇ ಅಲ್ಲ (ಅಂಥವುಗಳಲ್ಲಿ ಅಮೋನಿಯಾ ಇದ್ದರೆ ಅರಗನ್ನ ತಿನ್ನುತ್ತದೆ). ಬರೀ ಹೊಲಿಗೆ ಮಶಿನ್ನಿನ ಬಿಳೀ ಎಣ್ಣೆ, ಹತ್ತಿ. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡೋದು, ಬೆಳಿಗ್ಗೆ ಹೊಸ ಹತ್ತಿಯಿಂದ ಕೂಸಿನ ಕೆನ್ನೆ ಒರೆಸಿದ ಹಾಗೆ ಒರೆಸೋದು. ಹತ್ತಿ ಕಂದು ಬಣ್ಣಕ್ಕೆ ಬಂದರೆ ಸರಿ, ಅದು ಕೊಳೆ. ಹೊನ್ನಿನ ಬಣ್ಣ ಅಥವಾ ಕಪ್ಪು ಹತ್ತಿಗೆ ಬಂತೋ, ಅಲ್ಲಿಗೇ ನಿಲ್ಲಿಸಬೇಕು. ಜಾಸ್ತಿ ತಿಕ್ಕಿದರೆ ಬಳ್ಳಿಯ ಹೊನ್ನು ಬಣ್ಣ ಹೋಗಿ ಬೆಳ್ಳಿಯ ಹಾಗೆ ಕಾಣುತ್ತದೆ, ಆಮೇಲೆ ಅದನ್ನ ಯಾರಿಂದಲೂ ತಿರುಗಿ ತರೋಕೆ ಆಗೋದಿಲ್ಲ. ಮತ್ತೆ ಕಾರಿನ ಪಾಲಿಶ್ ಬೇಡ, ಬಹಳಷ್ಟರಲ್ಲಿ ಉಜ್ಜೋ ಪುಡಿ ಇರುತ್ತದೆ. ಹಿತ್ತಾಳೆ ಪಾಲಿಶ್ ಹಿತ್ತಾಳೆಗೆ ಮಾತ್ರ.

ನಾಲ್ಕು ದಿನ ಇದೇ ಆಯಿತು. ಸೂಜಿಯ ಕಂಬದ ಸುತ್ತ ಮತ್ತೆ ಎಣ್ಣೆ ತೂತುಗಳ ಸುತ್ತ ಜೇನಿನ ಬಣ್ಣದ ಗಟ್ಟಿ ಪದರು ಇತ್ತು, ಅದು ಅಷ್ಟು ಸುಲಭಕ್ಕೆ ಬರಲಿಲ್ಲ. ಅವ್ವನನ್ನ ಕೇಳಿದೆ.

"ಅದು ಕುಸುಬಿ ಎಣ್ಣಿ. ನಿಮ್ಮ ಆಯಿ ಮಶಿನ್ ಎಣ್ಣಿ ತೀರಿದ್ರ ಒಗ್ಗರಣಿ ಎಣ್ಣಿನ ಬಿಡತಿದ್ಲು."

ಕುಸುಬಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗೋ ಜಾತಿಯದು, ಅಗಸಿಯ ತಮ್ಮ ಅನ್ನಿ. ಬಣ್ಣ, ವಾರ್ನಿಶ್ ಮಾಡೋಕೂ ಬಳಸುತ್ತಾರೆ. ಅಂದರೆ ನಮ್ಮ ಆಯಿ ನಲವತ್ತು ವರ್ಷ ಗೊತ್ತಿಲ್ಲದೇ ಮಶಿನ್ನಿಗೆ ವಾರ್ನಿಶ್ ಬಳಿಯುತ್ತಿದ್ದಳು! ಆ ಪದರಿನ ಕೆಳಗಿದ್ದ ಬಳ್ಳಿಯಷ್ಟೂ ಭಾಗ ನೀರಿನಲ್ಲಿ ಬೆಳ್ಳಗೂ ಆಗಿರಲಿಲ್ಲ, ಸವೆದೂ ಇರಲಿಲ್ಲ. ಬಳ್ಳಿಯಿಲ್ಲದ ಕಡೆ ಇದ್ದದ್ದನ್ನ ಎಣ್ಣೆಯಲ್ಲಿ ನೆನೆಸಿ, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ಎಬ್ಬಿಸಿದೆ. ಬಳ್ಳಿಯ ಮೇಲಿದ್ದದ್ದನ್ನ ಹಾಗೇ ಬಿಟ್ಟಿದ್ದೇನೆ. ಅದು ಅಲ್ಲಿ ತನ್ನ ಕೆಲಸ ಮಾಡಿಕೊಂಡಿದೆ, ನಾನ್ಯಾಕೆ ಕೈ ಹಾಕಲಿ.

ಆಮೇಲೆ ನಿಜವಾದ ಪರೀಕ್ಷೆ. ಒಂದು ಲೀಟರ್ ಸ್ಪಿರಿಟಿಗೆ ನೂರಿಪ್ಪತ್ತು ಗ್ರಾಮಿನಷ್ಟು ಚಪಡಾ ಲೆಕ್ಕ, ನನಗೆ ಬೇಕಾದದ್ದು ಅದರಲ್ಲಿ ಕಾಲುಭಾಗವೂ ಅಲ್ಲ. ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ ಇಟ್ಟುಕೊಂಡೆ. (ಕರಗಿಸಿದ್ದನ್ನ ವರ್ಷಗಟ್ಟಲೆ ಇಡಬೇಡಿ, ಹಳೇದಾದರೆ ಹಚ್ಚಿದ ಮೇಲೆ ಗಟ್ಟಿಯಾಗೋದೇ ಇಲ್ಲ. ಮತ್ತೆ ಒಲೆ, ಊದುಬತ್ತಿಯಿಂದ ದೂರ. ಅವ್ವ ದೇವರ ಮುಂದೆ ದೀಪ ಹಚ್ಚೋ ಹೊತ್ತಿಗೆ ನಾನು ಅಂಗಳಕ್ಕೆ ಓಡುತ್ತಿದ್ದೆ.) ಹತ್ತಿಯ ಉಂಡೆಯನ್ನ ಹಳೇ ಮಲ್‌ಬಟ್ಟೆಯಲ್ಲಿ ಕಟ್ಟಿದ ಒಂದು ಗದ್ದಿ. ಅದರೊಳಗೆ ಅರಗು, ಹೊರಗೆ ಜಾರೋಕೆ ಒಂದು ಹನಿ ಎಣ್ಣೆ. ಕೈಗೆ ಒತ್ತಿಕೊಂಡರೆ ತೇವ ತಾಗಿದಂತೆ ಅನ್ನಿಸಬೇಕು, ಒದ್ದೆಯಾಗಬಾರದು. ಮಶಿನ್ನಿಗೆ ತಾಗೋ ಮೊದಲೇ ಕೈ ಚಲಿಸುತ್ತಿರಬೇಕು, ವಿಮಾನ ಇಳಿದು ನಿಲ್ಲದೆ ಮತ್ತೆ ಏರಿದ ಹಾಗೆ. ಒಂದೇ ಜಾಗದಲ್ಲಿ ನಿಂತರೆ ಗದ್ದಿ ಅಲ್ಲೇ ಅಂಟಿ ಕೆಳಗಿನದನ್ನೆಲ್ಲ ಎಳೆದುಕೊಂಡು ಬರುತ್ತದೆ.

ಮೊದಲ ಸಲ ಬಳ್ಳಿಯ ಮೇಲೆ ಗದ್ದಿ ಆಡಿಸಿದಾಗ ಅವ್ವ ಪಕ್ಕದಲ್ಲೇ ನಿಂತಿದ್ದಳು, ಬಾಯಿಗೆ ಸೆರಗು ಹಿಡಕೊಂಡು. ಪ್ರೊಡಕ್ಷನ್ ಸರ್ವರಿನ ಮೇಲೆ ಶುಕ್ರವಾರ ಸಂಜೆ ಕೈಹಾಕಿದಾಗಲೂ ನನ್ನ ಎದೆ ಅಷ್ಟು ಹೊಡೆದುಕೊಂಡಿಲ್ಲ. ಗದ್ದಿ ಹೋದ ಹಾದಿಯಲ್ಲಿ ಒಂದು ಅಂಗುಲ ಅಗಲಕ್ಕೆ ಬಿಳುಪು ಸರಿಯಿತು. ಕಪ್ಪು ಕಂಡಿತು. ಕಪ್ಪಿನ ಮೇಲೆ ಒಂದು ಎಲೆ ಕಂಡಿತು.

"ಐತಿ" ಅಂದಳು ಅವ್ವ. ಅಷ್ಟೇ ಅಂದದ್ದು. ಒಳಗೆ ಹೋಗಿ ಚಹಾ ಇಟ್ಟಳು.

ಒಂದು ದಿನಕ್ಕೆ ಒಂದೆರಡು ತೆಳು ಪದರು, ಮಧ್ಯೆ ಒಣಗೋಕೆ ಬಿಟ್ಟು. ಎಲ್ಲಾ ಕಡೆ ಒಂದೇ ಥರ ಹೋಗಲಿಲ್ಲ. ಕೈಗಾಲಿಯ ಕೆಳಗೆ ಒಂದು ಕಡೆ ತುಕ್ಕು ಒಳಗಿನಿಂದಲೇ ಜಪಾನನ್ನ ಎತ್ತಿತ್ತು, ಅಲ್ಲಿ ಏನೂ ಮಾಡೋ ಹಾಗಿರಲಿಲ್ಲ. ಸಡಿಲ ಚಕ್ಕೆಯ ಅಂಚಿಗೆ ಅರಗು ಬಿಟ್ಟು ಕೂರಿಸಿದೆ. ಹಿಂಭಾಗದಲ್ಲಿ ಕಂಬದ ಬುಡದ ಬಿಳುಪು ಅರ್ಧ ಉಳಿದಿದೆ. ಗೋಡೆಯ ಕಡೆ ಇರೋದು ಅಂತ ಅವ್ವ ಮಾಫಿ ಕೊಟ್ಟಳು. ಹದಿನೈದು ದಿನ ಗಟ್ಟಿಯಾಗಲು ಬಿಟ್ಟು, ಕೊನೆಗೆ ಕಾರ್ನೌಬಾ ಮೇಣ ತೆಳ್ಳಗೆ ಹಚ್ಚಿ ಒರೆಸಿದ್ದು ಅಕ್ಕ, ನಾನು ಬೆಂಗಳೂರಿಗೆ ಬಂದಾಗಿತ್ತು. ಮೇಣ ಯಾಕೆಂದರೆ ಬೆವರು ಕೈ, ಅರಿವೆಯ ತಿಕ್ಕು ಮೊದಲು ಮೇಣವನ್ನ ಸವೆಸಲಿ, ಅರಗಿನ ತನಕ ಬಾರದಿರಲಿ ಅಂತ. ವರ್ಷಕ್ಕೆರಡು ಸಲ ಹಚ್ಚಿದರೆ ಸಾಕು.

ಇಲ್ಲಿ ಒಂದು ಜಗಳ ಹೇಳಲೇಬೇಕು. ಮಶಿನ್ನಿನ ತಳದ ಮುಂದಿನ ಅಂಚಿನಲ್ಲಿ, ಹೊಲಿಯುವವರ ಎಡಗೈ ಕೂರೋ ಜಾಗದಲ್ಲಿ, ಬಳ್ಳಿಯೇ ಇಲ್ಲ. ಅದು ಹೊಳೆ ತೆಗೆದದ್ದಲ್ಲ. ಆಯಿಯ ಅಂಗೈ, ಆಮೇಲೆ ಅವ್ವನ ಅಂಗೈ ಖಣ ಸರಿಸಿ ಸರಿಸಿ ಸವೆಸಿದ್ದು. ಬಾಳೆಎಲೆಯ ಆಕಾರದ ಒಂದು ಬರೀ ಕಪ್ಪು. ನನಗೆ ಇಡೀ ಮಶಿನ್ನಿನಲ್ಲಿ ಬಹಳ ಇಷ್ಟದ ಜಾಗ ಅದೇ. ಅವ್ವನಿಗೆ ಅದೇ ಕಣ್ಣಿಗೆ ಚುಚ್ಚೋದು.

"ಎಲ್ಲಾ ಚೊಲೊ ಆತು, ಇಲ್ಲೊಂದ ಮಾತ್ರ ಹರಕ ಕುಬಸ ತೊಟ್ಟಂಗ ಕಾಣತೈತಿ. ಬಳ್ಳಿ ಸಿಗತೈತಂದ್ಯಲ್ಲ, ತರಿಸಿ ಹಚ್ಚು."

ಸಿಗುತ್ತದೆ, ನಿಜ. ಹಳೇ ಡೆಕಾಲುಗಳ ತದ್ರೂಪು ನಕಲುಗಳನ್ನ ಹೊರದೇಶಗಳಲ್ಲಿ ಅಚ್ಚು ಹಾಕಿ ಮಾರುವವರಿದ್ದಾರೆ, ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸೋದು. ನಾನು "ಅವ್ವಾ, ಅದು ಆಯಿ ಕೈ" ಅಂದೆ. ಅವ್ವ ನನ್ನ ಮುಖ ನೋಡಿದಳು.

"ಆಯಿಗೂ ಅದು ಸೇರತಿರಲಿಲ್ಲೋ ತಮ್ಮಾ. ಸವದೈತಿ ಅಂತ ಅಲ್ಲೊಂದು ಅರಿವಿ ತುಂಡು ಹಾಸ್ಕೋತಿದ್ಲು. ನಿನಗ ಚಂದ ಕಾಣತೈತಿ, ಯಾಕಂದ್ರ ನೀ ಹೊಲದಿಲ್ಲ."

ಇದಕ್ಕೆ ಏನು ಹೇಳೋದು? ಹೇಳೋಕೆ ಏನೂ ಇರಲಿಲ್ಲ. ಮಶಿನ್ನು ಅವಳದು. ಅಂತರ್ಜಾಲದಲ್ಲಿ ಹಳೇ ಮಶಿನ್ನು ಕೂಡಿಸುವವರು ಸವೆತವನ್ನ ಹಾಗೇ ಬಿಡಬೇಕು, ಅದೇ ಅದರ ಚರಿತ್ರೆ ಅಂತ ಬರೀತಾರೆ. ನಾನೂ ಹಾಗೇ ಅಂದುಕೊಂಡವನು. ಅವರು ಯಾರೂ ಆ ಮಶಿನ್ನಿನ ಮೇಲೆ ಶಾಲೆಯ ನಲವತ್ತು ಯೂನಿಫಾರ್ಮು ಹೊಲಿದು ಹಾಸ್ಟೆಲ್ ಬಿಲ್ಲು ಕಟ್ಟಿದವರಲ್ಲ. ಡೆಕಾಲಿನ ಬೆಲೆ, ಟಪಾಲಿನ ಖರ್ಚು, ಕಸ್ಟಮ್ಸು ಎಲ್ಲ ಕೂಡಿಸಿ ಅವಳಿಗೆ ಹೇಳಿದೆ. "ಯಪ್ಪಾ! ಅಷ್ಟ ರೊಕ್ಕಕ್ಕ ಒಂದು ಹೊಸಾ ಮೋಟರ್ ಬರತೈತಿ" ಅಂದಳು. ಅಲ್ಲಿಗೆ ನಿಂತಿದೆ. ಆದರೆ ಬೇಕು ಅಂತ ಮತ್ತೊಮ್ಮೆ ಹೇಳಿದರೆ ತರಿಸಿಬಿಡೋದು ಅಂತ ಅಂದುಕೊಂಡಿದ್ದೇನೆ. ಸದ್ಯಕ್ಕೆ ಅಲ್ಲಿ ಆಯಿಯ ಹಾಗೇ ಒಂದು ಖಣದ ತುಂಡು ಹಾಸಿಕೊಂಡು ಹೊಲೀತಾಳೆ.

ಹೊಲಿಯೋದನ್ನ ಬಿಟ್ಟಿಲ್ಲ. ಬೆಂಗಳೂರಿಗೆ ತಗೊಂಡು ಹೋಗ್ತೀನಿ, ಹಾಲಿನಲ್ಲಿಡ್ತೀನಿ ಅಂತ ಒಮ್ಮೆ ಅಂದಿದ್ದೆ. "ಗಾಜಿನ್ಯಾಗಿಟ್ಟು ಊದಬತ್ತಿ ಹಚ್ಚಾಕೇನು?" ಅಂದಳು. ಈಗ ಅಕ್ಕನ ಮಗಳು, ಆ ವರ್ಷ ಟ್ರಂಕಿನ ಜೊತೆ ಹೊರಬಂದ ಕೂಸು, ಕಾಲು ಪೆಡಲಿಗೆ ಪೂರ್ತಿ ಎಟುಕದಿದ್ದರೂ ಕೂತು ಕೌದಿಗೆ ತುಂಡು ಜೋಡಿಸೋದನ್ನ ಕಲೀತಿದ್ದಾಳೆ. ಮೊನ್ನೆ ವಿಡಿಯೋ ಕಾಲಿನಲ್ಲಿ ನೋಡಿದರೆ ಮಶಿನ್ನಿನ ಕಂಬಕ್ಕೆ ಯಾವುದೋ ಕಾರ್ಟೂನಿನ ಸ್ಟಿಕರ್ ಅಂಟಿಸಿದ್ದಳು! ಕೂಗಿಕೊಂಡೆ. "ಮಾಮಾ, ಬಳ್ಳಿ ಮ್ಯಾಲ ಅಲ್ಲ, ಬರೇ ಕರೇ ಜಾಗಾದಾಗ ಹಚ್ಚೀನಿ" ಅಂದಳು. ಹುಷಾರಿದ್ದಾಳೆ. ಬಿಡಿಸೋಕೆ ಎಣ್ಣೆ ಸಾಕಾಗುತ್ತದೆ, ಹೋದಾಗ ನೋಡಿದರಾಯಿತು.

ಇನ್ನೊಂದು ಸಮಸ್ಯೆ ಇತ್ತು, ಖಂಡೇ ಪೂಜೆಯದು. ನಮ್ಮ ಕಡೆ ಖಂಡೇ ಪೂಜೆ ದಿನ ಮಶಿನ್ನಿಗೆ ವಿಭೂತಿ ಹಚ್ಚಬೇಕು, ನೀರಿನಲ್ಲಿ ಕಲಸಿದ ವಿಭೂತಿ, ಮೂರು ಬೆರಳಿಂದ, ಸರಿಯಾಗಿ ಬಳ್ಳಿಯ ಮೇಲೆ. ಮೇಲೆ ಕುಂಕುಮ. ಅದು ಮಾರನೇ ದಿನದ ತನಕ ಒಣಗಿ ಕೂರುತ್ತದೆ. ಹಳೇ ಮೂರು ಗೆರೆಯ ಗುರುತು ಅರಗಿನಲ್ಲಿ ಇನ್ನೂ ಇದೆ, ಓರೆ ಬೆಳಕಿನಲ್ಲಿ ನೋಡಿದರೆ ಕಾಣುತ್ತದೆ. ಇದನ್ನ ಅವ್ವನಿಗೆ ಹೇಗೆ ಹೇಳೋದು ಅಂತ ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಕಳೆದ ಸಲ ಪೂಜೆಯ ಫೋಟೋ ಕಳಿಸಿದಳು. ವಿಭೂತಿ ಕುಂಕುಮ ಎರಡೂ ಕೆಳಗಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ, 'ಸಿಂಗರ್' ಅಂತ ಎರಕ ಹೊಯ್ದ ಅಕ್ಷರಗಳಿಗೆ, ಒಂದೊಂದು ಅಕ್ಷರಕ್ಕೆ ಒಂದೊಂದು ಬೊಟ್ಟು. ತಲೆಯ ಮೇಲೆ ಬರೀ ಒಂದು ಚೆಂಡುಹೂವು, ಅದೂ ಒಣಗಿದ ಅರಿವೆಯ ಮೇಲೆ.

ಯಾಕವ್ವಾ ಅಂತ ಕೇಳಿದೆ. "ಪಾದಕ್ಕ ಹಚ್ಚಿದ್ರೂ ನಡೀತೈತಿ" ಅಂದಳು.